ಮಾಳಕ್ಕೆ ಹತ್ತಿದ ಊರು

ಸಂತೇಮಾಳದಲ್ಲಿ ಯಾವ ಕಡೆಗೆ ಹೊರಟರೂ ಒಂದೋ ಏರು, ಇಲ್ಲ ಇಳಿಜಾರು. ಬನ್ನೂರಿನಿಂದ ತಿರುಮಕೂಡಲಿನ ಕಡೆಗೆ ಹೋಗುವ ಬಸ್ಸು ನಾಲೆಯ ಸೇತುವೆ ದಾಟಿದ ಕೂಡಲೇ ಗೇರು ಬದಲಿಸಿ, ನರಳುತ್ತಾ ಹತ್ತುವ ದಿಬ್ಬವೇ ಆ ಊರು. ಮೂರು ಕಡೆ ನಾಲೆ, ನಾಲೆಯ ಕೆಳಗೆ ಗದ್ದೆ, ಗದ್ದೆಯಾಚೆ ಕಬ್ಬು. ದಿಬ್ಬದ ನೆತ್ತಿಯಲ್ಲಿ ಮಠ. ಮಠದ ಬಾಗಿಲಿನಿಂದ ಶುರುವಾಗುವ ಪೇಟೆ ಬೀದಿ ಬೆಲ್ಲದ ಮಂಡಿಗಳನ್ನೂ ಬಟ್ಟೆ, ಗೊಬ್ಬರದ ಅಂಗಡಿಗಳನ್ನೂ ದಾಟಿ, ಮಂಗಳವಾರ ಸಂತೆ ಸೇರುವ ಬಯಲನ್ನು ಬಳಸಿಕೊಂಡು ಬಸ್ ನಿಲ್ದಾಣಕ್ಕೆ ಇಳಿಯುತ್ತದೆ. ಅದಕ್ಕೂ ಕೆಳಗೆ, ಊರಿಗೂ ನಾಲೆಯ ಏರಿಗೂ ನಡುವಿನ ತಗ್ಗಿನಲ್ಲಿ, ಕೇರಿ. ಮೇಲಿನ ಬೀದಿಗಳ ಬಚ್ಚಲು ನೀರೆಲ್ಲ ಮೋರಿ ಹಿಡಿದು ಅಲ್ಲಿಗೇ ಇಳಿಯುತ್ತಿತ್ತು.

ಈ ಏರಿಳಿತವನ್ನು ರುದ್ರಾಣಿ ಕಾಲಿನಿಂದ ಕಲಿತಳು. ಅವಳ ತವರು ನಂಜನಗೂಡು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳಿಗೆ ಮೀನಖಂಡ ಹಿಡಿದುಕೊಂಡಿತ್ತು. ಗಂಡನ ಮನೆ ಮೇಲೆ, ಮಠದ ಪಕ್ಕ. ಅವಳು ಪಾಠ ಹೇಳುತ್ತಿದ್ದ ಸರ್ಕಾರಿ ಶಾಲೆ ಕೆಳಗೆ, ಬಸ್ ನಿಲ್ದಾಣದ ಹಿಂದೆ. ಬೆಳಿಗ್ಗೆ ಅಡುಗೆ ಮುಗಿಸಿ ಇಳಿಯಬೇಕು. ಮಧ್ಯಾಹ್ನ ಮಾವನಿಗೆ ಊಟಕ್ಕಿಡಲು ಹತ್ತಿ, ಗಂಟೆ ಹೊಡೆಯುವುದರೊಳಗೆ ಮತ್ತೆ ಇಳಿಯಬೇಕು. ಅದು ಸಾಲದೆಂದು ಜನಗಣತಿ, ಮತದಾರರ ಪಟ್ಟಿ, ಪೋಲಿಯೋ ಹನಿ. ಸರ್ಕಾರ ಯಾರ ಮನೆಯ ಬಾಗಿಲು ತಟ್ಟಬೇಕಾದರೂ ಮೊದಲು ನೆನಪಾಗುವುದು ಮೇಷ್ಟರುಗಳೇ. ನಲವತ್ತು ತುಂಬುವಷ್ಟರಲ್ಲಿ ಅವಳ ಕಾಲಿನ ನರಗಳು ನೀಲಿಗಟ್ಟಿ ಉಬ್ಬಿಕೊಂಡಿದ್ದವು. ಡಾಕ್ಟರು, "ಜಾಸ್ತಿ ನಿಂತ್ಕೋಬೇಡಿ, ಜಾಸ್ತಿ ನಡೀಬೇಡಿ" ಎಂದಿದ್ದರು. ಅವಳು ಹೂಂ ಎಂದು ಬಂದಿದ್ದಳು.

ಗಂಡ ಬಸವೇಶ್ ಬೆಲ್ಲದ ಮಂಡಿ ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ. ಮನೆಯಲ್ಲಿ ಏನೇ ತಕರಾರು ಬಂದರೂ ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೊರಟುಬಿಡುವುದು ಅವನ ಪದ್ಧತಿ. ಮಾತೆಲ್ಲ ಮಾವ ಗುರುಮಲ್ಲಪ್ಪನವರದು. ಅವರು ಊರಿನ ವರ್ತಕರ ಸಂಘದ ಅಧ್ಯಕ್ಷರು. ಬೆಳಿಗ್ಗೆ ವಿಭೂತಿ ಧರಿಸಿ, ಬಿಳಿ ಜುಬ್ಬ ತೊಟ್ಟು ಜಗಲಿಯ ಮೇಲೆ ಕೂತರೆಂದರೆ, ಮಠಕ್ಕೆ ಹೋಗುವವರೂ ಪೇಟೆಗೆ ಬರುವವರೂ ಒಂದು ಗಳಿಗೆ ನಿಂತು ಕೈ ಮುಗಿಯದೆ ಮುಂದೆ ಹೋಗುತ್ತಿರಲಿಲ್ಲ.

ಶಾಲೆಯಲ್ಲಿ ರುದ್ರಾಣಿಯದು ಸಮಾಜ ಪಾಠ. ಆಲ್ಪ್ಸ್ ಪರ್ವತದ ಮಡಿಲಿನ ಒಂದು ಪುಟ್ಟ ಸಂತೆಯೂರಿನ ಬಗ್ಗೆ ಪುಸ್ತಕದಲ್ಲಿ ಒಂದು ಪಾಠವಿತ್ತು. ಹಿಮ ಕರಗಿ ಹರಿಯುವ ಹೊಳೆ, ಹೊಳೆ ದಾಟುವ ಕಡೆ ಕಟ್ಟಿದ ಊರು, ಕೊರಳಿಗೆ ಗಂಟೆ ಕಟ್ಟಿದ ಹಸುಗಳು. ವರ್ಷ ವರ್ಷವೂ ಅದನ್ನು ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು. ಜನ ಹೊಳೆ ದಾಟುವ ಜಾಗದಲ್ಲಿ ನಿಲ್ಲುತ್ತಾರೆ, ನಿಂತ ಕಡೆ ಕೊಳ್ಳುತ್ತಾರೆ, ಮಾರುತ್ತಾರೆ, ಹಾಗೆ ಊರಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದಳು. ಒಂದು ದಿನ ಹಾಗೆ ಬರೆಯುತ್ತಿದ್ದವಳಿಗೆ, ನಮ್ಮೂರು ಯಾಕೆ ನೀರು ಬಿಟ್ಟು ಈ ಒಣ ದಿಬ್ಬದ ಮೇಲೆ ಕೂತಿದೆ ಅನ್ನಿಸಿತು. ಗಂಟೆ ಹೊಡೆಯಿತು. ಆ ಯೋಚನೆ ಅಲ್ಲಿಗೇ ನಿಂತಿತು.

ಅದು ಮತ್ತೆ ತಲೆಗೆ ಬಂದದ್ದು ತೊಂಬತ್ತೆಂಟರಲ್ಲಿ. ಆ ವರ್ಷ ವರ್ತಕರ ಸಂಘಕ್ಕೆ ಐವತ್ತು ತುಂಬಿತ್ತು. ಸ್ಮರಣ ಸಂಚಿಕೆ ತರಬೇಕೆಂದು ತೀರ್ಮಾನವಾಗಿ, ಸಂಘದ ಕಾರ್ಯದರ್ಶಿ ಶಿವಮಲ್ಲಪ್ಪ ಒಂದು ಸಂಜೆ ಮನೆಗೆ ಬಂದರು. ರುದ್ರಾಣಿ ಆಗಷ್ಟೇ ಹತ್ತಿ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು.

"ಮೇಡಂ, ನಮ್ಮೂರಿನ ಭೂಗೋಳ, ಚರಿತ್ರೆ ಅಂತ ಒಂದು ಬರ್ಕೊಡಿ. ನಾಕು ಪುಟ ಸಾಕು."

"ನಂಗೆ ಪುರುಸೊತ್ತಿಲ್ಲ ಸಾ. ಪರೀಕ್ಷೆ ಬತ್ತಾ ಇದೆ."

"ಬರ್ಕೊಡ್ತಾಳೆ ಬುಡಿ" ಎಂದರು ಜಗಲಿಯಿಂದ ಗುರುಮಲ್ಲಪ್ಪ. ಅಲ್ಲಿಗೆ ಮುಗಿಯಿತು.

ಊರಿನ ಚರಿತ್ರೆ ಎಲ್ಲರಿಗೂ ಗೊತ್ತಿದ್ದುದೇ. ಮಠದ ಹಿರಿಯ ಸ್ವಾಮಿಗಳೊಬ್ಬರು ಬರಡು ಮಾಳದ ಮೇಲೆ ಬೆತ್ತ ಊರಿ ನಿಂತರಂತೆ, ಅವರ ಹಿಂದೆ ಬಂದ ವರ್ತಕರು ಅಲ್ಲೇ ಅಂಗಡಿ ಹಾಕಿದರಂತೆ, ಊರು ಬೆಳೆಯಿತಂತೆ. ಅದನ್ನೇ ಬರೆದುಕೊಟ್ಟಿದ್ದರೆ ಒಂದು ಭಾನುವಾರದ ಕೆಲಸ. ಆದರೆ ಬರೆಯಲು ಕೂತಾಗ ಕೈ ಓಡಲಿಲ್ಲ. ಮಾಳದ ಮೇಲಿನ ಬಾವಿಗಳೆಲ್ಲ ಬಲು ಆಳ, ನೀರು ಸವುಳು. ಸೋಮನಾಥಪುರದ ಕಡೆಯಿಂದ ಬರುವ ಹಳೆಯ ಗಾಡಿದಾರಿ, ಹೊಳೆಗೆ ಹೋಗುವ ದಾರಿ ಎರಡೂ ಮಾಳಕ್ಕೆ ಹತ್ತುವುದಿಲ್ಲ. ತಗ್ಗಿಗೆ ಬಂದು, ಕೇರಿಯ ನಡುವೆ ಸುಮ್ಮನೆ ನಿಂತುಬಿಡುತ್ತವೆ. ತೊಂಬತ್ತೊಂದರ ಜನಗಣತಿಗೆ ಕೇರಿಯ ಮನೆಮನೆ ಸುತ್ತಿದಾಗ ಕಂಡದ್ದೂ ಅವಳಿಗೆ ನೆನಪಾಯಿತು. ಅಲ್ಲೊಂದು ಮನೆಯ ಮುಂದೆ, ಅರ್ಧ ಹೂತುಹೋದ ದೊಡ್ಡ ಗಾಣದ ಕಲ್ಲು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕೇರಿಯಲ್ಲಿ ಎಣ್ಣೆ ಗಾಣ ಇಟ್ಟಿದ್ದವರು ಯಾರು?

ಆ ಮನೆ ಅವಳ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಮಹದೇವಯ್ಯ ಮೇಷ್ಟರದು. ಕೇರಿಯಿಂದ ಓದಿ ಕೆಲಸಕ್ಕೆ ಸೇರಿದ ಮೊದಲಿಗರಲ್ಲಿ ಒಬ್ಬರು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಸೊಗಸಾಗಿ ಜೋಡಿಸಿದ ಪುಸ್ತಕಗಳು. ಗೋಡೆಗಳು ಮಾತ್ರ ಮೊಣಕಾಲೆತ್ತರದವರೆಗೂ ಒದ್ದೆ. ಎಷ್ಟು ಸಲ ಸುಣ್ಣ ಬಳಿದರೂ ಉದುರುತ್ತಿತ್ತು. ಒಂದು ದಿನ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ರುದ್ರಾಣಿ ಗಾಣದ ಕಲ್ಲಿನ ಸುದ್ದಿ ಎತ್ತಿದಾಗ, ಮಹದೇವಯ್ಯ ಒಳಗೆ ಮೊರದ ಮುಂದೆ ಕೂತಿದ್ದ ತಾಯಿಯನ್ನು ಕರೆದರು. ತಾಯಿಯ ಹೆಸರು ದೊಡ್ಡಮ್ಮ.

"ಆ ಕಲ್ಲಾ? ಅದು ನಿಮ್ಮೋರ್ದೇ ಕಣವ್ವ" ಎಂದಳು ದೊಡ್ಡಮ್ಮ, ಅದರಲ್ಲೇನು ವಿಶೇಷ ಎಂಬಂತೆ. "ನಮ್ಮತ್ತೆ ಯೋಳೋಳು. ಆಗ ನಾಲೆ ಇರ್ನಿಲ್ಲ. ಒಂದು ತೊರೆ ಅರೀತಿತ್ತು. ಊರೆಲ್ಲ ಇಲ್ಲೇ ಇತ್ತು. ಸಂತೆ ಇಲ್ಲೇ, ಗಾಣ ಇಲ್ಲೇ. ನಾವು ಆಗ್ಲೂ ಬ್ಯಾರೆ ಬೀದೀಲೇ ಇದ್ದೊ, ಆದ್ರೂ ಒಂದೇ ನೆಲ. ಆಮೇಲೆ ನಾಲೆ ತಗುದ್ರು. ಅಗುದೋರು ನಮ್ಮೋರೆಯಾ. ನಾಲೆ ಬಂದದ್ದೇ ನೆಲ ಜೌಗಾಗೋಯ್ತು. ಗ್ವಾಡೆಲ್ಲ ಒದ್ದೆ, ಮಕ್ಕಳಿಗೆಲ್ಲ ಚಳಿಜ್ವರ. ಮೊದ್ಲು ಮಠದ ಐನೋರು ಮ್ಯಾಕೆ ಓದ್ರು, ಅವರಿಂದೆ ಅಂಗ್ಡಿಯೋರು, ಅವರಿಂದೆ ಒಕ್ಕಲು ಮಕ್ಕಳು."

"ನಿಮ್ಮೋರು?"

"ನಾವೂ ಬತ್ತೀವಿ ಅಂದ್ರಂತೆ. ‘ನೀವು ಸದ್ಯಕ್ಕೆ ಇಲ್ಲೇ ಇರಿ, ನೀರು ಇಂಗ್ಲಿ ನೋಡವ’ ಅಂದ್ರಂತೆ. ನೋಡವ್ವ, ಇನ್ನೂ ಇಂಗಿಲ್ಲ."

ಇಳಿಸಂಜೆಯಲ್ಲಿ ಮನೆಗೆ ಹತ್ತುವಾಗ ರುದ್ರಾಣಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಹದಿನೈದು ವರ್ಷದಿಂದ ಅವಳು ಕೇರಿಯನ್ನು ಊರಿನ ಹೊರಗೆ ಎಂದೇ ತಿಳಿದಿದ್ದಳು. ಮಕ್ಕಳಿಗೂ ಹಾಗೇ ಹೇಳಿದ್ದಳು. ಕೇರಿ ಎಲ್ಲಿಗೂ ಹೋಗಿರಲಿಲ್ಲ. ಊರೇ ಅದನ್ನು ಬಿಟ್ಟು ಮಾಳಕ್ಕೆ ಹತ್ತಿತ್ತು.

ಅವಳು ಅದನ್ನು ಹಾಗೆಯೇ ಬರೆದಳು. ಯಾರನ್ನೂ ಬಯ್ಯಲಿಲ್ಲ. ತೊರೆ, ನಾಲೆ, ಜೌಗು, ಜ್ವರ, ಮಾಳ. ಭೂಗೋಳದಿಂದ ಚರಿತ್ರೆ ಹೇಗೆ ಹುಟ್ಟುತ್ತದೆಂದು ಮಕ್ಕಳಿಗೆ ಹೇಳುವಷ್ಟು ಸರಳವಾಗಿ ಬರೆದಳು. ಕೊಡುವ ಮುಂಚೆ ಮಹದೇವಯ್ಯನವರಿಗೆ ತೋರಿಸಿದಳು. ಅವರು ಸ್ಟಾಫ್ ರೂಮಿನಲ್ಲಿ ನಿಧಾನವಾಗಿ ಓದಿ, ಹಾಳೆಗಳನ್ನು ಸರಿಯಾಗಿ ಜೋಡಿಸಿ ಹಿಂದೆ ಕೊಟ್ಟರು.

"ಚೆನ್ನಾಗದೆ ಮೇಡಂ. ಆದ್ರೆ ಕೊಡ್ಬೇಡಿ. ಅವರು ಹಾಕಲ್ಲ. ಹಾಕ್ದೆ ಹೋದ್ರೆ ನಿಮಗೆ ಬೇಜಾರಾಗ್ತದೆ. ನನಗೆ ಈ ಬೇಜಾರೆಲ್ಲ ಹಳೇದು, ಅಭ್ಯಾಸ ಆಗದೆ."

ಅವಳು ಕೊಟ್ಟಳು. ಶಿವಮಲ್ಲಪ್ಪ ತಲೆಯಾಡಿಸಿ ತೆಗೆದುಕೊಂಡು ಹೋದರು.

ಮುಂದಿನ ವರ್ಷದ ಮೊದಲಲ್ಲಿ ಮಠದ ಮುಂದಿನ ಶಾಮಿಯಾನದಲ್ಲಿ ಸಮಾರಂಭ ನಡೆಯಿತು. ರುದ್ರಾಣಿ ಹೆಂಗಸರ ಸಾಲಿನಲ್ಲಿ ಕೂತು ಸಂಚಿಕೆ ತೆರೆದಳು. ಅಂಗಡಿಗಳ ಜಾಹೀರಾತು, ಅಧ್ಯಕ್ಷರುಗಳ ಫೋಟೋ, ಅದಾದ ಮೇಲೆ ಅವಳ ಹೆಸರು. ಹೆಸರಿನ ಕೆಳಗೆ ಸ್ವಾಮಿಗಳು ಬೆತ್ತ ಊರಿ ನಿಂತಿದ್ದರು. ತೊರೆ ಇರಲಿಲ್ಲ, ಗಾಣ ಇರಲಿಲ್ಲ. ಕೊನೆಯಲ್ಲಿ ಅವಳು ಬರೆಯದ ಒಂದು ಸಾಲಿತ್ತು: ‘ಊರಿನ ಹೊರವಲಯದಲ್ಲಿ ಕೇರಿ ಇದೆ.’

ಅಷ್ಟರಲ್ಲಿ ಲೇಖಕಿಗೆ ಸನ್ಮಾನ ಎಂದು ಮೈಕಿನಲ್ಲಿ ಕೂಗಿದರು. ಹೋಗದೆ ಕೂರಬಹುದಿತ್ತು. ಕಾಲು ನೋವೆಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವಳು ಎದ್ದು ಮೆಟ್ಟಿಲು ಹತ್ತಿದಳು. ಶಾಲು ಹೊದಿಸಿದರು. ಎರಡು ಮಾತು ಆಡಿ ಎಂದರು.

"ಇದರಲ್ಲಿ ನನ್ನ ಹೆಸರಿದೆ. ಬರೆದಿರೋದು ನಾನಲ್ಲ" ಎಂದಳು. ದನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು. "ನಮ್ಮೂರು ಮೊದಲು ಕೇರಿ ಇರೋ ಜಾಗದಲ್ಲೇ ಇತ್ತು. ನಾಲೆ ಬಂದ ಮೇಲೆ ನಾವು ಮೇಲಕ್ಕೆ ಬಂದ್ವಿ, ಅವರನ್ನ ಕರ್ಕೊಂಡು ಬರಲಿಲ್ಲ. ಅದನ್ನ ಬರೆದಿದ್ದೆ. ತೆಗೆದಿದ್ದಾರೆ."

ಮೈಕಿನವನಿಗೆ ಯಾರು ಸನ್ನೆ ಮಾಡಿದರೋ, ಭಕ್ತಿಗೀತೆ ಶುರುವಾಯಿತು. ಅವಳು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಇಳಿದು ಬಂದಳು. ಬಸವೇಶ್ ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದವನು, ಅವಳು ಹತ್ತಿರ ಬರುವಷ್ಟರಲ್ಲಿ ಮಂಡಿಯ ಕಡೆ ಹೊರಟಿದ್ದ.

ದೊಡ್ಡ ಜಗಳವೇನೂ ಆಗಲಿಲ್ಲ. ಮಾವ ಅವಳೊಡನೆ ಮಾತು ಬಿಟ್ಟರು, ಅಷ್ಟೆ. ಊಟಕ್ಕೆ ಬಂದು ಕೂರುವರು; ಅವಳು ಬಡಿಸುವಳು; ಸಾಕಾದರೆ ಎಲೆಗೆ ಕೈ ಅಡ್ಡ ಹಿಡಿಯುವರು. ಕಾಫಿ ಬೇಕಾದರೆ ಮಗನ ಹತ್ತಿರ, "ಕಾಫಿ ಆಗದಾ ಕೇಳು" ಅನ್ನುವರು. ಪೇಟೆಯ ಹೆಂಗಸರು ಮದುವೆಮನೆಗಳಲ್ಲಿ ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಇದೆಲ್ಲ ಒಂದು ತಿಂಗಳು, ಎರಡು ತಿಂಗಳು ಎಂದುಕೊಂಡಿದ್ದಳು. ವರ್ಷಗಳು ಹೋದವು. ಮತ್ತೊಂದು ಜನಗಣತಿ ಬಂತು, ಮತ್ತೆ ಬೀದಿ ಬೀದಿ ಸುತ್ತಿದಳು. ಮನೆಯೊಳಗಿನ ಮೌನ ಅಡುಗೆಮನೆಯ ಹೊಗೆಯ ಹಾಗೆ ಗೋಡೆಗೆ ಹಿಡಿದುಹೋಗಿತ್ತು; ಅದು ಇದೆಯೆಂಬುದೇ ಕೆಲವು ದಿನ ಮರೆತುಹೋಗುತ್ತಿತ್ತು. ಕೇರಿಯವರೂ ಅವಳನ್ನೇನೂ ಹೊತ್ತು ಮೆರೆಸಲಿಲ್ಲ. ಒಂದು ಸಲ ಶಾಲೆಯ ಹತ್ತಿರ ಎದುರಾದ ದೊಡ್ಡಮ್ಮ, "ಮೈಕಲ್ಲಿ ಯೋಳುದ್ಯಂತಲ್ಲವ್ವ. ಒಳ್ಳೇದಾಯ್ತು. ಮೋರಿ ಮಾತೂ ಒಂದು ಯೋಳ್ಬುಟ್ಟಿದ್ರೆ ಆಗೋದು" ಎಂದಳು.

ಎರಡು ಸಾವಿರದ ನಾಲ್ಕರಲ್ಲಿ ಗುರುಮಲ್ಲಪ್ಪನವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಯಿತು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ತುತ್ತು ಮಾಡಿ ಉಣಿಸುವುದು ಎಲ್ಲ ರುದ್ರಾಣಿಯ ಪಾಲಿಗೆ ಬಂತು. ಬೇರೆ ಯಾರಿದ್ದರು? ಮಾತಿಲ್ಲದ ಇಬ್ಬರು ಹಾಗೇ ಒಂದು ವರ್ಷ ತಳ್ಳಿದರು. ಒಮ್ಮೊಮ್ಮೆ ಅವಳಿಗೆ ತುತ್ತು ಕೈಯಲ್ಲಿ ಹಿಡಿದು ಕೂತಲ್ಲೇ ಕಣ್ಣು ಮುಚ್ಚಿ ಬರುತ್ತಿತ್ತು. ಮುದುಕರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

ಮರುವರ್ಷದ ಮಳೆ ಸಾಮಾನ್ಯದ್ದಾಗಿರಲಿಲ್ಲ. ಒಂದು ಬೆಳಿಗ್ಗೆ ನಾಲೆಯ ಏರಿ ಒಡೆದು ತಗ್ಗೆಲ್ಲ ಕೆರೆಯಾಯಿತು. ಕೇರಿಯ ಜನ ಪಾತ್ರೆ ಪಡಗ, ಮೇಕೆ, ಮಕ್ಕಳೊಂದಿಗೆ ಶಾಲೆಗೆ ಬಂದರು. ರುದ್ರಾಣಿ, ಮಹದೇವಯ್ಯ ಇಬ್ಬರೂ ಒಲೆ ಹೂಡಿ ಅನ್ನ, ಸಾರು ಮಾಡಿಸಿದರು. ತರಗತಿಯ ಬೆಂಚುಗಳನ್ನು ಸೇರಿಸಿ ಮಂಚ ಮಾಡಿದರು. ಮಧ್ಯಾಹ್ನ ಅವಳು ತೊಯ್ದ ಸೀರೆಯಲ್ಲೇ ಮಾವನಿಗೆ ಉಣಿಸಲು ಹತ್ತಿ ಬಂದಳು. ಕೈ ತೊಳೆದು ಮುದ್ದೆ ಮುರಿಯುತ್ತಿದ್ದಾಗ ಮುದುಕರ ತುಟಿ ಅಲುಗಿತು.

"ಗಾಣದ ಕಲ್ಲು ಮುಳುಗ್ತಾ?"

ಆರು ವರ್ಷದ ಮೇಲೆ ಅವರು ಅವಳೊಡನೆ ಆಡಿದ ಮೊದಲ ಮಾತು ಅದು. ತೊದಲುತ್ತಿದ್ದರೂ ಒಂದೊಂದು ಅಕ್ಷರವೂ ತಿಳಿಯಿತು.

"ಮುಳುಗಿದೆ" ಎಂದಳು. "ಆ ಕಲ್ಲನ್ನ ನೀವು ನೋಡಿದ್ದೀರಾ?"

"ನಮ್ಮಜ್ಜಿ ತೋರ್ಸಿತ್ತು. ಚಿಕ್ಕೋನಿದ್ದಾಗ. ವರ್ಷಕ್ಕೊಂದು ಸಲ ಎಣ್ಣೆ ಬತ್ತಿ ತಕ್ಕೊಂಡು ಓಗೋಳು. ‘ನಮ್ಮನೆ ಇಲ್ಲಿತ್ತು ಕಣ್ಲಾ’ ಅನ್ನೋಳು."

"ಎಲ್ಲಾ ಗೊತ್ತಿದ್ದು ನಾನು ಬರೆದದ್ದನ್ನ ಯಾಕೆ ತೆಗೆಸಿದ್ರಿ ಮಾವ?"

ಮುದುಕರು ಬಾಗಿಲ ಕಡೆ ನೋಡಿದರು. ಸೂರಿನಿಂದ ನೀರು ಸುರಿಯುತ್ತಿತ್ತು.

"ಅಚ್ಚಾದ್ರೆ ನಾಳೆ ಕೇರಿಯೋರು ಮಾಳದ ಮ್ಯಾಲೆ ಜಾಗ ಕೇಳ್ತಾರೆ ಅಂದ್ರು ಎಲ್ರೂ. ನಾನೂ ಊಂ ಅಂದೆ."

ರುದ್ರಾಣಿ ಸಿಟ್ಟು ಬರಲೆಂದು ಕಾದಳು. ಬರಬೇಕಾದ ಸಿಟ್ಟೇ ಅದು. ಬರಲಿಲ್ಲ. ಮೈಯೆಲ್ಲ ನೀರು ಕುಡಿದ ಹತ್ತಿಯ ಹಾಗೆ ಭಾರವಾಗಿತ್ತು. ಮುದ್ದೆಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟಳು. "ನುಂಗಿ" ಎಂದಳು. ಊಟ ಮುಗಿಸಿ, ಬಾಯಿ ಒರೆಸಿ, ಮತ್ತೆ ಶಾಲೆಗೆ ಇಳಿದಳು.

ನೀರು ಇಳಿದು, ಕೇರಿಯವರು ಬಿದ್ದ ಗೋಡೆಗಳನ್ನು ಎಬ್ಬಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಮುದುಕರು ಅಲ್ಲಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದರು. ಬಸವೇಶ್, "ಈ ಸ್ಥಿತೀಲಿ ಯಾಕಪ್ಪ" ಎಂದು ಮೆಟ್ಟಿಲಿಳಿದ. ರುದ್ರಾಣಿ ಮಹದೇವಯ್ಯನವರಿಗೆ ಹೇಳಿ ಆಟೋ ತರಿಸಿದಳು. ಇಬ್ಬರೂ ಸೇರಿ ಮುದುಕರನ್ನು ಎತ್ತಿ ಕೂರಿಸಿದರು. ಪೇಟೆ ಬೀದಿಯಲ್ಲಿ ಅಂಗಡಿಯವರು ಎದ್ದು ನಿಂತು ನೋಡಿದರು. ಆಸ್ಪತ್ರೆಗೆ ಹೋಗುತ್ತಿದ್ದಾರೆಂದು ತಿಳಿದಿರಬೇಕು.

ಆಟೋ ಗಾಣದ ಕಲ್ಲಿನ ಪಕ್ಕ ನಿಂತಿತು. ಕಲ್ಲಿನ ಸುತ್ತ ಇನ್ನೂ ಕೆಸರು. ಗುರುಮಲ್ಲಪ್ಪ ಇಳಿಯುವಂತಿರಲಿಲ್ಲ. ಬಲಗೈಯಿಂದ ಆಟೋದ ಕಂಬಿ ಹಿಡಿದು, ಮುಂದಕ್ಕೆ ಬಾಗಿ ಕಲ್ಲನ್ನೇ ನೋಡುತ್ತಿದ್ದರು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವಳಿಗೂ ವಯಸ್ಸಾಗಿ ಕಣ್ಣು ಮಂಜಾಗಿತ್ತು.

"ಯಾರ್ಲಾ ಮಾದೇವ ಅದು?"

"ಮ್ಯಾಲಿನ ಗುರುಮಲ್ಲಪ್ಪೋರು ಕಣವ್ವ."

ದೊಡ್ಡಮ್ಮ ಆಟೋದ ಹತ್ತಿರಕ್ಕೆ ಬಂದು ನಿಂತಳು. ಮುದುಕರು ಕೈ ಎತ್ತಿ ಮುಗಿಯಲು ನೋಡಿದರು. ಒಂದೇ ಕೈ ಎದ್ದಿತು.

"ತಪ್ಪಾಯ್ತು ಕಣವ್ವ" ಎಂದರು. "ಇದ್ದುದ್ನ ಇಲ್ಲ ಅಂದ್ಬುಟ್ಟೊ."

"ಅದ್ಯಾವ ಕಾಲದ್ದು ಬುಡಪ್ಪ" ಎಂದಳು ದೊಡ್ಡಮ್ಮ. ದನಿಯಲ್ಲಿ ಕನಿಕರವೂ ಇರಲಿಲ್ಲ, ಕೋಪವೂ ಇರಲಿಲ್ಲ. "ನೀವು ಮ್ಯಾಕೆ ಓದ್ರಿ, ಓಗ್ಲಿ. ನಿಮ್ಮ ಬಚ್ಚಲು ನೀರ್ಯಾಕೆ ನಮ್ಮ ಮ್ಯಾಲೆ ಬುಟ್ರಿ? ಎದ್ರೆ ಅದೇ ವಾಸನೆ, ಕೂತ್ರೆ ಅದೇ ವಾಸನೆ. ಚರಿತ್ರೆ ಕಟ್ಕೊಂಡು ನಾನೇನಪ್ಪ ಮಾಡ್ಲಿ? ಕೈಲಾದ್ರೆ ಆ ಮೋರಿ ತಿರುಗ್ಸು."

ಆಟೋ ಡ್ರೈವರು ಬೀಡಿ ಎಸೆದು ಬೇರೆ ಕಡೆ ನೋಡಿದ. ಮಹದೇವಯ್ಯ, "ಅವ್ವ" ಎಂದು ತಡೆಯಲು ಹೋದರು. ಗುರುಮಲ್ಲಪ್ಪ ಬೇಡವೆಂದು ತಲೆಯಾಡಿಸಿದರು. "ತಿರುಗ್ಸ್ತೀನಿ" ಎಂದರು.

ಮಾರನೆಯ ದಿನ ಶಿವಮಲ್ಲಪ್ಪನವರನ್ನೂ ಸಂಘದವರನ್ನೂ ಮನೆಗೆ ಕರೆಸಿದರು. ಜಗಲಿಗೆ ಎತ್ತಿ ಕೂರಿಸಿದ್ದಾಯಿತು. ತೊದಲು ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ; ರುದ್ರಾಣಿ ಪಕ್ಕದಲ್ಲಿ ನಿಂತು ಒಂದೊಂದನ್ನೂ ಬಿಡಿಸಿ ಹೇಳಬೇಕಾಯಿತು. ಮೋರಿಯನ್ನು ಸಂತೆ ಬಯಲಿನ ಪಕ್ಕದಲ್ಲಿ ತಿರುಗಿಸಿ ನಾಲೆಯಾಚೆಯ ಹಳ್ಳಕ್ಕೆ ಸೇರಿಸಬೇಕು, ಅದಕ್ಕೆ ಸಂಘವೇ ಮುಂದೆ ನಿಂತು ಅರ್ಜಿ ಕೊಡಬೇಕು. "ಇವರದೇ ಮಾತಾ, ನಿಮ್ಮದಾ ಮೇಡಂ?" ಎಂದು ಒಬ್ಬರು ನಕ್ಕರು. ಮುದುಕರು ಬಲಗೈಯಿಂದ ಜಗಲಿಯನ್ನು ಬಡಿದರು. ನಗು ನಿಂತಿತು.

ಅಷ್ಟರಿಂದ ಮೋರಿ ತಿರುಗಲಿಲ್ಲ. ಅರ್ಜಿ ಅಲ್ಲಿ ಇಲ್ಲಿ ಓಡಾಡಿತು. ಮಹದೇವಯ್ಯ ರಜೆ ಹಾಕಿ ಹಾಕಿ ತಾಲ್ಲೂಕು ಕಚೇರಿಗೆ ಅಲೆದರು. ರುದ್ರಾಣಿ ಶನಿವಾರಗಳಂದು ಜೊತೆಗೆ ಹೋದಳು. ಇಂಜಿನಿಯರು ಬಂದು ಅಳತೆ ಮಾಡಿ ಹೋದರು. ಇನ್ನೊಬ್ಬರು ಬಂದು ಅದೇ ಅಳತೆ ಮತ್ತೆ ಮಾಡಿದರು. ಈ ನಡುವೆ ಗುರುಮಲ್ಲಪ್ಪ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಸೊಸೆಯೊಡನೆ ಮಾತಾಡಿದರು, ಆದರೆ ಅವೆಲ್ಲ ನೀರು, ದಿಂಬು, ಕಿಟಕಿಯ ಮಾತುಗಳು. ಎರಡು ಸಾವಿರದ ಎಂಟರಲ್ಲಿ ಕೊನೆಗೂ ಕಾಂಕ್ರೀಟು ಮೋರಿಯಾಯಿತು. ಸ್ವಲ್ಪ ಸೊಟ್ಟಗಿತ್ತು, ಜೋರು ಮಳೆ ಬಂದರೆ ತಿರುವಿನಲ್ಲಿ ಉಕ್ಕುತ್ತಿತ್ತು. ಹಳ್ಳದ ಪಕ್ಕದ ಗದ್ದೆಯವರು ನಮ್ಮ ಪೈರಿಗೆ ಕೊಳೆನೀರು ಬರುತ್ತದೆಂದು ತಕರಾರು ತೆಗೆದರು. ಅದು ಬೇರೆಯೇ ಜಗಳವಾಗಿ ಮುಂದುವರಿಯಿತು. ಕೇರಿಯ ಗೋಡೆಗಳು ಆ ಬೇಸಿಗೆಯಲ್ಲಿ ಅಷ್ಟಿಷ್ಟು ಒಣಗಿದವು.

"ವಾಸನೆ ಓಯ್ತು ಕಣವ್ವ" ಎಂದಳು ದೊಡ್ಡಮ್ಮ, ರುದ್ರಾಣಿ ನೋಡಲು ಹೋದಾಗ. "ಸೊಳ್ಳೆ ಅವೆ."

ರುದ್ರಾಣಿ ಆಮೇಲೆ ಏನನ್ನೂ ಬರೆಯಲಿಲ್ಲ. ತರಗತಿಯಲ್ಲಿ ಮಾತ್ರ, ಆಲ್ಪ್ಸಿನ ಪಾಠದ ಜೊತೆಗೆ ಈ ಊರಿನ ಪಾಠವನ್ನೂ ಸೇರಿಸಿ ಹೇಳತೊಡಗಿದಳು. ಪೇಟೆಯ ಮಕ್ಕಳೂ ಕೇರಿಯ ಮಕ್ಕಳೂ ಒಟ್ಟಿಗೆ ಕೂತು ಕೇಳಿದರು. ಅವರಿಗದು ಹೊಳೆ, ಬೆಟ್ಟಗಳ ಇನ್ನೊಂದು ಪಾಠ, ಅಷ್ಟೆ. ಪರೀಕ್ಷೆಗೆ ಬರುತ್ತದಾ ಮಿಸ್ ಎಂದು ಕೇಳಿದರು.

ಅದೂ ದೊಡ್ಡವರ ಕಿವಿಗೆ ಬಿತ್ತು. ಒಂದು ಮಂಗಳವಾರ ಬಟ್ಟೆ ಅಂಗಡಿಯವನೊಬ್ಬ, ಸಂತೆಯ ಜನರೆಲ್ಲ ಇರುವಾಗಲೇ, ಬೆಲ್ಲದ ಮಂಡಿಗೆ ಬಂದು ಕೂಗಾಡಿದನಂತೆ. ನಿಮ್ಮ ಹೆಂಡತಿ ನಮ್ಮ ಮಕ್ಕಳಿಗೆ ಏನೇನೋ ಹೇಳಿಕೊಡುತ್ತಾಳೆ, ನಮ್ಮ ಹಿರೀಕರ ಮನೆ ಕೇರಿಯಲ್ಲಿತ್ತು ಅನ್ನುತ್ತಾಳೆ, ಇದಕ್ಕೇನು ಹೇಳುತ್ತೀರಿ ಎಂದನಂತೆ. ಬಸವೇಶ್ ಅಚ್ಚುಬೆಲ್ಲ ಜೋಡಿಸುತ್ತಿದ್ದವನು ಕೈ ಒರೆಸಿಕೊಂಡು, "ನಿಮ್ಮದು ಗೊತ್ತಿಲ್ಲ ಕಣಪ್ಪ. ನಮ್ಮ ಮನೆ ಅಲ್ಲೇ ಇದ್ದದ್ದು" ಎಂದನಂತೆ. ಮತ್ತೆ ಬೆಲ್ಲ ಜೋಡಿಸಲು ಬಗ್ಗಿದನಂತೆ.

ಇದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ರುದ್ರಾಣಿಗೆ ಹೇಳಿದವರು ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಮಹದೇವಯ್ಯ. ಗಂಟೆ ಹೊಡೆದರೂ ಅವಳು ಏಳಲಿಲ್ಲ. "ಕ್ಲಾಸಿದೆ ಮೇಡಂ" ಎಂದರು ಅವರು.

"ಇವತ್ತು ನೀವೇ ತಗೊಳ್ಳಿ" ಎಂದು, ಅವಳು ಎದುರಿನ ಕುರ್ಚಿಯನ್ನು ಎಳೆದುಕೊಂಡು ಅದರ ಮೇಲೆ ಕಾಲು ಚಾಚಿದಳು.